ಮಿಸ್ ಹೊಡೆಯುವ ಗಾಡಿ: ಕೃಷ್ಣೆ-ಘಟಪ್ರಭೆ ಸೀಮೆಯ ಒಂದು ಕಿವಿಯ ಚರಿತ್ರೆ

ಮುಧೋಳದ ಚರಿತ್ರೆ ಎಂದರೆ ನಮಗೆ ರನ್ನ, ಘೋರ್ಪಡೆ ಸಂಸ್ಥಾನ, ಐದನೇ ಜಾರ್ಜ್ ದೊರೆಗೆ ಉಡುಗೊರೆಯಾಗಿ ಹೋದ ಬೇಟೆನಾಯಿ. ಜಮಖಂಡಿ ಎಂದರೆ ಪಟವರ್ಧನರು ಮತ್ತು 1948ರ ವಿಲೀನ. ರಬಕವಿ-ಬನಹಟ್ಟಿ ಎಂದರೆ ಸೀರೆ, ಬೀಳಗಿ ಎಂದರೆ ಆಲಮಟ್ಟಿಯ ಹಿನ್ನೀರು. ಗ್ಯಾಸೆಟಿಯರ್‌ಗಳನ್ನು ತೆರೆದರೆ ಕಮ್ಮಾರರು, ಬಡಿಗೇರರು, ನೇಕಾರರು ಸಿಗುತ್ತಾರೆ. ಆದರೆ ಕಳೆದ 60-70 ವರ್ಷಗಳಲ್ಲಿ ಈ ನಾಲ್ಕೂ ಊರುಗಳ ಬದುಕನ್ನು ನಿಲ್ಲದಂತೆ ನೋಡಿಕೊಂಡ ಇನ್ನೊಂದು ಕಸುಬು ಅಲ್ಲೆಲ್ಲೂ ಕಾಣುವುದಿಲ್ಲ. ಬಸ್ ಸ್ಟ್ಯಾಂಡಿನಾಚೆ, ಊರು ಮುಗಿಯುವ ರಸ್ತೆಯ ಬದಿಯಲ್ಲಿ, ತಗಡಿನ ಶೆಡ್ಡಿನ ಮುಂದೆ ಬಾನೆಟ್ ಎತ್ತಿ ನಿಂತ ಹಳೆಯ ಪಿಕಪ್ ಗಾಡಿ, ಅದರೊಳಗೆ ತಲೆ ಹಾಕಿರುವ ಮೇಸ್ತ್ರಿ. ಪಕ್ಕದಲ್ಲಿ ನಿಂತ ಡ್ರೈವರ್ ಹೇಳುವ ಮಾತು ನಾಲ್ಕೂ ತಾಲ್ಲೂಕಿನಲ್ಲಿ ಒಂದೇ: "ಗಾಡಿ ಒಮ್ಮಿಂದೊಮ್ಮೆಲೆ ಮಿಸ್ ಹೊಡಿಯಾಕತ್ತೈತಿ ನೋಡ್ರಿ."

'ಮಿಸ್ ಹೊಡೆ' ಎಂಬ ನುಡಿಗಟ್ಟು ನನಗೆ ಬಹಳ ಇಷ್ಟ. ಇಂಗ್ಲಿಷಿನ 'ಮಿಸ್‌ಫೈರ್' ಎಂಬುದರಲ್ಲಿ ಬೆಂಕಿ ಇದೆ. ನಮ್ಮವರು ಬೆಂಕಿಯನ್ನು ಬಿಟ್ಟು ಬಡಿತವನ್ನು ಇಟ್ಟುಕೊಂಡರು. ಒಳಗೆ ಏನು ಉರಿಯುತ್ತದೆ ಎಂಬುದು ಯಾರಿಗೂ ಕಾಣುವುದಿಲ್ಲ, ಹೊರಗೆ ಕೇಳುವುದು ಬಡಿತ ಮಾತ್ರ. ಹಾಗಾಗಿ ಈ ಪದ ಹುಟ್ಟಿದ್ದೇ ಕಿವಿಯಿಂದ ಅನ್ನಬೇಕು.

ಈ ಬಡಿತದ ಲೆಕ್ಕ ಸರಳ. ನಾಲ್ಕು ಸಿಲಿಂಡರಿನ, ನಾಲ್ಕು ಸ್ಟ್ರೋಕಿನ ಎಂಜಿನ್ನಿನಲ್ಲಿ ಒಂದೊಂದು ಸಿಲಿಂಡರೂ ಎರಡು ಸುತ್ತಿಗೊಮ್ಮೆ ಉರಿಯುತ್ತದೆ. ಗಾಡಿ ನಿಂತಲ್ಲೇ ನಿಮಿಷಕ್ಕೆ 800 ಸುತ್ತು ತಿರುಗುತ್ತಿದ್ದರೆ ಪ್ರತಿ ಸಿಲಿಂಡರಿಗೆ 400 ಬಡಿತ, ಒಟ್ಟು 1600. ಇಂಥ ಎಂಜಿನ್ನುಗಳಲ್ಲಿ ಸಾಮಾನ್ಯವಾಗಿ ಉರಿಯುವ ಕ್ರಮ 1-3-4-2. ಶಾಲೆಯ ಮಗ್ಗಿ ಮರೆತ ಮೇಸ್ತ್ರಿಗೂ ಈ ನಾಲ್ಕು ಅಂಕಿ ಮರೆಯುವುದಿಲ್ಲ. ಇವುಗಳಲ್ಲಿ ಒಂದು ಸಿಲಿಂಡರ್ ಕೈಕೊಟ್ಟರೆ ಸೆಕೆಂಡಿಗೆ ಆರೇಳು ಸಲ ತಾಳ ತಪ್ಪುತ್ತದೆ. ಸಾಮಾನ್ಯ ಕಿವಿಗೆ ಅದು ಬರೀ ನಡುಕ. ಪಳಗಿದ ಕಿವಿಗೆ ಮೂರು ಬಡಿತ, ಒಂದು ಖಾಲಿ. ಅದು ಒಂದೇ ಸಮನೆ ತಪ್ಪುವ ಖಾಲಿಯೋ, ಆಗೊಮ್ಮೆ ಈಗೊಮ್ಮೆ ತಪ್ಪುವ ಖಾಲಿಯೋ ಎಂಬುದು ಮೊದಲ ಪ್ರಶ್ನೆ. ಒಂದೇ ಸಮನೆ ತಪ್ಪಿದರೆ ದೋಷ ಒಂದು ಸಿಲಿಂಡರಿನದು. ಅಡ್ಡಾದಿಡ್ಡಿ ತಪ್ಪಿದರೆ ಎಲ್ಲ ಸಿಲಿಂಡರಿಗೂ ಸೇರಿದ್ದೇನೋ ಕೆಟ್ಟಿದೆ: ಡೀಸೆಲ್ಲಿನಲ್ಲಿ ನೀರು, ಪೈಪಿನಲ್ಲಿ ಗಾಳಿ, ಕಟ್ಟಿಕೊಂಡ ಫಿಲ್ಟರು.

ಇಂಥ ಕಿವಿ ಎಲ್ಲ ಊರಿನಲ್ಲೂ ಇರುತ್ತದೆ, ನಿಜ. ಆದರೆ ಈ ಸೀಮೆಯಲ್ಲಿ ಅದು ಇಷ್ಟು ದಟ್ಟವಾಗಿ ಬೆಳೆದದ್ದಕ್ಕೆ ಕಾರಣಗಳಿವೆ. ಮೊದಲನೆಯದು ರೈಲು ಇಲ್ಲದ್ದು. 19ನೇ ಶತಮಾನದ ಕೊನೆಗೆ ಸದರ್ನ್ ಮರಾಠಾ ರೈಲ್ವೆ ಹಾಕಿದ ಹಳಿಗಳು ಪೂರ್ವಕ್ಕೆ ಬಾಗಲಕೋಟೆಯ ಮೇಲೆ ಹಾದುಹೋದವು, ಪಶ್ಚಿಮಕ್ಕೆ ಕುಡಚಿಯ ಮೇಲೆ ಹಾದುಹೋದವು. ನಡುವೆ ಬಿದ್ದ ಜಮಖಂಡಿ, ಮುಧೋಳ, ರಬಕವಿ, ಬನಹಟ್ಟಿ, ಬೀಳಗಿಗಳಿಗೆ ತಲೆಮಾರುಗಟ್ಟಲೆ ರೈಲಿನ ಸಿಳ್ಳೆ ಕೇಳಲಿಲ್ಲ. ಬಾಗಲಕೋಟೆ-ಕುಡಚಿ ಮಾರ್ಗದ ಕೆಲಸ ಶುರುವಾಗಲು 2010 ದಾಟಬೇಕಾಯಿತು. ಮಹಾಲಿಂಗಪುರದ ಬೆಲ್ಲ, ತೇರದಾಳದ ಅರಿಸಿನ, ಬನಹಟ್ಟಿಯ ಸೀರೆಯ ಗಂಟು, ಎಲ್ಲವೂ ಮೊದಲು ಚಕ್ಕಡಿಯಲ್ಲಿ, ಆಮೇಲೆ ಲಾರಿ, ಟೆಂಪೊ, ಪಿಕಪ್ಪುಗಳಲ್ಲಿ ಹೋಗಬೇಕಿತ್ತು. ಗಾಡಿ ನಿಂತರೆ ಸರಕು ನಿಂತಿತು, ಬೇರೆ ದಾರಿಯಿಲ್ಲ. ದೊಡ್ಡ ಡೀಲರುಗಳಿದ್ದದ್ದು ಹುಬ್ಬಳ್ಳಿ, ಬೆಳಗಾವಿ, ಸಾಂಗ್ಲಿ, ಕೊಲ್ಲಾಪುರದಂಥ ಊರುಗಳಲ್ಲಿ.

ಎರಡನೆಯದು ನದಿ. ಮೋಟಾರು ಗಾಡಿಗಿಂತ ಹೆಚ್ಚಾಗಿ ಈ ಸೀಮೆಯ ರೈತರಿಗೆ ಎಂಜಿನ್ನಿನ ಪರಿಚಯ ಮಾಡಿಸಿದ್ದು ಹೊಳೆಯ ದಂಡೆಯ ಪಂಪು. ಇಲ್ಲಿ ಸ್ವಲ್ಪ ಹಿಂದೆ ಹೋಗಬೇಕು. ಲಕ್ಷ್ಮಣರಾವ್ ಕಿರ್ಲೋಸ್ಕರ್ ಹುಟ್ಟಿದ್ದು 1869ರಲ್ಲಿ, ಸವದತ್ತಿ ಕಡೆಯ ಗುರ್ಲಹೊಸೂರಿನಲ್ಲಿ. 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಹಾಕಿ, ಮೇವು ಕತ್ತರಿಸುವ ಯಂತ್ರ, ಕಬ್ಬಿಣದ ನೇಗಿಲು ಎಂದು ಮುಂದುವರಿದು, 1910ರಲ್ಲಿ ಔಂಧ್ ಸಂಸ್ಥಾನದ ಜಾಗದಲ್ಲಿ ಕಿರ್ಲೋಸ್ಕರವಾಡಿ ಕಟ್ಟಿದರು. ಕಬ್ಬಿಣದ ನೇಗಿಲು ಹೊಲಕ್ಕೆ ವಿಷವಾಗುತ್ತದೆ ಎಂದು ಹೆದರಿ ರೈತರು ಮೊದಮೊದಲು ಅದನ್ನು ಮುಟ್ಟಲಿಲ್ಲ ಎಂಬ ಕಥೆ ಪ್ರಸಿದ್ಧ. 1946ರಲ್ಲಿ ಪುಣೆಯ ಖಡಕಿಯಲ್ಲಿ ಕಿರ್ಲೋಸ್ಕರ್ ಆಯಿಲ್ ಎಂಜಿನ್ಸ್ ಶುರುವಾದ ಮೇಲೆ ಅದೇ ರೈತರ ಮಕ್ಕಳು ಡೀಸೆಲ್ ಎಂಜಿನ್ನನ್ನು ಕೃಷ್ಣೆಯ, ಘಟಪ್ರಭೆಯ ದಂಡೆಗೆ ಇಳಿಸಿದರು. ಇಂಗ್ಲೆಂಡಿನ ಡರ್ಸ್ಲಿಯ ಲಿಸ್ಟರ್ ಮಾದರಿಯಲ್ಲಿ ರಾಜಕೋಟದಲ್ಲಿ ತಯಾರಾದ ನಿಧಾನಗತಿಯ ಎಂಜಿನ್ನುಗಳೂ ದೇಶದ ಹೊಲಗಳಿಗೆಲ್ಲ ಬಂದವು. ನಿಮಿಷಕ್ಕೆ 650 ಸುತ್ತು, ಒಂದೇ ಸಿಲಿಂಡರು. ಅದರ ಒಂದೊಂದು ಬಡಿತವನ್ನೂ ಬಿಡಿಯಾಗಿ ಕೇಳಬಹುದು. ದಂಡೆಯ ಮೇಲೆ ಪಂಪು ಹಚ್ಚಿ ಅರ್ಧ ಹರದಾರಿ ದೂರದಲ್ಲಿ ನೀರು ಹಾಯಿಸುವವನಿಗೆ, ಎಂಜಿನ್ ಸರಿಯಾಗಿದೆ ಎಂಬುದಕ್ಕೆ ಗಾಳಿಯಲ್ಲಿ ತೇಲಿಬರುವ ಆ ಸದ್ದೊಂದೇ ಸಾಕ್ಷಿ. ಸದ್ದು ಬದಲಾದರೆ ಸಲಿಕೆ ಬಿಟ್ಟು ಓಡಬೇಕು. ನಾಲ್ಕು ಸಿಲಿಂಡರಿನ ಗಾಡಿಯನ್ನು ಕೇಳುವ ಕಿವಿಗೆ ಇದೇ ಪ್ರಾಥಮಿಕ ಶಾಲೆ ಎಂಬುದು ನನ್ನ ಅನಿಸಿಕೆ. ರಬಕವಿ-ಬನಹಟ್ಟಿಯಲ್ಲಿ ಇನ್ನೊಂದು ಶಾಲೆಯೂ ಇತ್ತು: ವಿದ್ಯುತ್ ಮಗ್ಗ. ಹತ್ತು ಮಗ್ಗ ಒಟ್ಟಿಗೆ ಬಡಿಯುವ ಕೋಣೆಯಲ್ಲಿ ಒಂದರ ತಾಳ ತಪ್ಪಿದ್ದನ್ನು ಗುರುತಿಸುವ ನೇಕಾರನಿಗೆ ಎಂಜಿನ್ನಿನ ಮಿಸ್ ದೊಡ್ಡ ಒಗಟೇನಲ್ಲ.

ಮೂರನೆಯದು ಕಬ್ಬು. ಸಮೀರವಾಡಿಯ ಕಾರ್ಖಾನೆಯಿಂದ ಹಿಡಿದು ಇಂದಿನ ಸಾಲುಸಾಲು ಸಕ್ಕರೆ ಕಾರ್ಖಾನೆಗಳವರೆಗಿನ ಕಥೆ ಎಲ್ಲರಿಗೂ ಗೊತ್ತಿರುವಂಥದ್ದು. 1989ರಲ್ಲಿ ಚಿಕ್ಕಪಡಸಲಗಿಯಲ್ಲಿ ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ರೈತರೇ ಹಣ ಕೂಡಿಸಿ ಕೃಷ್ಣೆಗೆ ಕಟ್ಟಿದ ಬ್ಯಾರೇಜು ನೀರಿನ ಜೊತೆಗೆ ಪಂಪನ್ನೂ ಕಬ್ಬನ್ನೂ ಹೆಚ್ಚಿಸಿತು. ಕಬ್ಬಿಗೆ ಹಂಗಾಮು ಎಂಬುದಿದೆ. ಕಡಿದ ಕಬ್ಬು ಕಾಯುವುದಿಲ್ಲ, ದಿನ ಕಳೆದಂತೆ ತೂಕ ಇಳಿಯುತ್ತದೆ. ಕಬ್ಬನ್ನು ಎಳೆಯುವುದು ಟ್ರ್ಯಾಕ್ಟರೇ ಆದರೂ ಕಡಿಯುವವರ ಗ್ಯಾಂಗು, ಬುತ್ತಿ, ಡೀಸೆಲ್ ಕ್ಯಾನು, ಬಿತ್ತನೆಯ ಕಬ್ಬು, ಬೆಲ್ಲದ ಪೆಂಟಿ ಇವೆಲ್ಲ ಓಡಾಡುವುದು ಪಿಕಪ್ಪಿನಲ್ಲಿ. ಹಂಗಾಮಿನಲ್ಲಿ ಮೇಸ್ತ್ರಿಗೆ ಸಿಗುವುದು ಒಂದು ರಾತ್ರಿ. ಎಲ್ಲ ಭಾಗ ಬಿಚ್ಚಿ ನೋಡುವ ಹೊತ್ತಿಲ್ಲ. ಬಿಚ್ಚುವ ಮೊದಲೇ ಯಾವುದನ್ನು ಬಿಚ್ಚಬೇಕು ಎಂದು ಗೊತ್ತಿರಬೇಕು. ರೋಗನಿದಾನ ಎಂದರೆ ಇದೇ ಅಲ್ಲವೇ?

ಪಿಕಪ್ಪಿನ ಮೊದಲ ಪೀಳಿಗೆ ಪೆಟ್ರೋಲಿನದು. 1945ರಲ್ಲಿ ಹುಟ್ಟಿದ ಮಹೀಂದ್ರ ಕಂಪನಿ 1947ರಿಂದ ಮುಂಬಯಿಯಲ್ಲಿ ಅಮೆರಿಕದ ವಿಲ್ಲಿಸ್ ಜೀಪುಗಳನ್ನು ಜೋಡಿಸತೊಡಗಿತು. ಜೀಪಿನ ಹಿಂದೆ ತೊಟ್ಟಿ ಕಟ್ಟಿದರೆ ಪಿಕಪ್. ಬಜಾಜ್ ಟೆಂಪೊದವರ ಮೂರು ಗಾಲಿಯ ಹನ್ಸೀಟ್ 1950ರ ದಶಕದ ಕೊನೆಗೆ ಬಂತು. ಹೆಸರು ಯಾವುದಾದರೇನು, 'ಟೆಂಪೊ' ಎಂಬ ಪದ ಮಾತ್ರ ಕನ್ನಡದ್ದೇ ಆಗಿಹೋಯಿತು. ಪೆಟ್ರೋಲ್ ಎಂಜಿನ್ ಮಿಸ್ ಹೊಡೆದರೆ ಹುಡುಕಬೇಕಾದದ್ದು ಕಿಡಿಯನ್ನು. ಚಾಲೂ ಇರುವ ಎಂಜಿನ್ನಿನ ಪ್ಲಗ್ಗುಗಳ ವೈರನ್ನು ಒಂದೊಂದಾಗಿ ತೆಗೆಯುವುದು, ಅಥವಾ ಕಟ್ಟಿಗೆಯ ಹಿಡಿಯ ಸ್ಕ್ರೂ ಡ್ರೈವರನ್ನು ಪ್ಲಗ್ಗಿನ ತುದಿಗೂ ಎಂಜಿನ್ನಿನ ಮೈಗೂ ತಾಗಿಸಿ ಕಿಡಿಯನ್ನು ಬೇರೆ ದಾರಿಗೆ ಎಳೆಯುವುದು. ಹಾಗೆ ಮಾಡಿದಾಗ ಎಂಜಿನ್ ಇನ್ನಷ್ಟು ಸೋತರೆ ಆ ಸಿಲಿಂಡರ್ ಅಲ್ಲಿಯವರೆಗೆ ದುಡಿಯುತ್ತಿತ್ತು ಎಂದರ್ಥ. ಏನೂ ವ್ಯತ್ಯಾಸವಾಗದಿದ್ದರೆ ಕಳ್ಳ ಅದೇ. ಆಮೇಲೆ ಆ ಪ್ಲಗ್ಗನ್ನು ಪಕ್ಕದ ಸಿಲಿಂಡರಿಗೆ ಹಾಕಿ ನೋಡಬೇಕು. ದೋಷ ಪ್ಲಗ್ಗಿನ ಜೊತೆಗೇ ಹೋದರೆ ಪ್ಲಗ್ಗು, ಅಲ್ಲೇ ಉಳಿದರೆ ವೈರೋ, ಡಿಸ್ಟ್ರಿಬ್ಯೂಟರಿನ ಮುಚ್ಚಳವೋ, ವಾಲ್ವೋ. ಹಳೆಯ ವೈರು ಸೀಳಿದ್ದರೆ ಹಗಲಿನಲ್ಲಿ ಕಾಣದು. ದೀಪ ಆರಿಸಿ ಕತ್ತಲಲ್ಲಿ ನೋಡಿದರೆ ನೀಲಿ ಕಿಡಿ ವೈರಿನಿಂದ ಎಂಜಿನ್ನಿನ ಮೈಗೆ ಹಾರುವುದು ಕಾಣುತ್ತದೆ.

ಪೆಟ್ರೋಲಿಗಿಂತ ಡೀಸೆಲ್ಲಿನ ಬೆಲೆಯನ್ನು ಸರಕಾರ ಕೆಳಗೆ ಇಟ್ಟಿತ್ತು. 1970ರ ದಶಕದ ತೈಲ ಬಿಕ್ಕಟ್ಟಿನ ನಂತರ ಈ ಅಂತರ ಇನ್ನಷ್ಟು ಮುಖ್ಯವಾಯಿತು. ಮಹೀಂದ್ರ ಕಂಪನಿ ಫ್ರಾನ್ಸಿನ ಪೀಜೊ ಪರವಾನಗಿಯಲ್ಲಿ ಡೀಸೆಲ್ ಎಂಜಿನ್ ತಯಾರಿಸಿತು, ಟೆಂಪೊದ ಮಟಡೋರು ಡೀಸೆಲ್ಲಿನಲ್ಲಿ ಓಡಿತು, 1986ರಲ್ಲಿ ಟಾಟಾ 407 ಬಂತು. ಹಳೆಯ ಪೆಟ್ರೋಲ್ ಜೀಪುಗಳಿಗೂ ಗ್ಯಾರೇಜುಗಳಲ್ಲಿ ಡೀಸೆಲ್ ಎಂಜಿನ್ ಕೂಡಿಸಿದರು. ಡೀಸೆಲ್ ಎಂಜಿನ್ನಿಗೆ ಪ್ಲಗ್ಗಿನ ಕಿಡಿ ಬೇಡ. ರುಡಾಲ್ಫ್ ಡೀಸೆಲ್ 1897ರಲ್ಲಿ ಆಗ್ಸ್‌ಬರ್ಗ್‌ನಲ್ಲಿ ಓಡಿಸಿ ತೋರಿಸಿದಂತೆ, ಒತ್ತಿದ ಗಾಳಿಯ ಬಿಸಿಯಲ್ಲೇ ಇಂಧನ ಹೊತ್ತಿಕೊಳ್ಳುತ್ತದೆ. ಹಾಗಾಗಿ ಮಿಸ್ ಹುಡುಕುವವನ ಪ್ರಶ್ನೆ ಬದಲಾಯಿತು. ಕಿಡಿ ಬಂತೇ ಎಂದಲ್ಲ, ಎಣ್ಣೆ ಬಂತೇ, ಸರಿಯಾದ ಹೊತ್ತಿಗೆ ಬಂತೇ, ಬಂದದ್ದು ಉರಿಯಿತೇ ಎಂದು. ಈ ಬದಲಾವಣೆಯ ಕೇಂದ್ರದಲ್ಲಿ ಇದ್ದದ್ದು ಕರ್ನಾಟಕದ್ದೇ ಒಂದು ಕಾರ್ಖಾನೆ: 1951ರಲ್ಲಿ ಬೆಂಗಳೂರಿನಲ್ಲಿ ಬಾಷ್ ಸಹಯೋಗದಲ್ಲಿ ಶುರುವಾದ ಮೈಕೋ. ಪ್ಲಗ್ಗನ್ನೂ ಡೀಸೆಲ್ ಪಂಪು-ನೋಜಲ್ಲನ್ನೂ ಮಾಡಿದ್ದು ಅದೇ. ಬೆಂಗಳೂರಿನವರಿಗೆ ಮೈಕೋ ಎಂದರೆ ಲೇಔಟು, ಜಮಖಂಡಿಯ ಮೇಸ್ತ್ರಿಗೆ ಮೈಕೋ ಎಂದರೆ ಅಂಗೈಯಲ್ಲಿ ಹಿಡಿಯುವ ನೋಜಲ್ಲು.

ಡೀಸೆಲ್ ಗಾಡಿಯಲ್ಲಿ ಪ್ಲಗ್ಗಿನ ವೈರಿನ ಜಾಗಕ್ಕೆ ಬಂದದ್ದು 17ರ ಪಾನಾ. ಪಂಪಿನಿಂದ ಇಂಜೆಕ್ಟರಿಗೆ ಹೋಗುವ ಉಕ್ಕಿನ ಕೊಳವೆಯ ನಟ್ಟನ್ನು ಗಾಡಿ ಚಾಲೂ ಇರುವಾಗಲೇ ಒಂದಿಷ್ಟು ಸಡಿಲಿಸುತ್ತಾರೆ. ಎಣ್ಣೆ ಅಲ್ಲೇ ಸೋರಿ ಆ ಸಿಲಿಂಡರಿಗೆ ಉಪವಾಸ. ಎಂಜಿನ್ ಸೋತರೆ ಆ ಸಿಲಿಂಡರ್ ಒಳ್ಳೆಯದು, ನಟ್ಟು ಬಿಗಿದು ಮುಂದಿನದಕ್ಕೆ ಹೋಗಬಹುದು. ಸೋಲದಿದ್ದರೆ ಸಿಕ್ಕಿಬಿತ್ತು. ಇದಕ್ಕೂ ಮೊದಲು ಮಾಡುವ ಎರಡು ಪರೀಕ್ಷೆಗಳು ನನಗೆ ಇನ್ನೂ ಸೊಗಸೆನಿಸುತ್ತವೆ. ತಣ್ಣಗಿರುವ ಎಂಜಿನ್ ಚಾಲೂ ಮಾಡಿದ ಸ್ವಲ್ಪ ಹೊತ್ತಿಗೆ ಸೈಲೆನ್ಸರಿಗೆ ಹೋಗುವ ನಾಲ್ಕು ಕವಲುಗಳ ಮೇಲೂ ನೀರು ಚಿಮುಕಿಸಿದರೆ ಮೂರರ ಮೇಲೆ ಚುರ್ರೆನ್ನುತ್ತದೆ, ಸತ್ತ ಸಿಲಿಂಡರಿನ ಕವಲಿನ ಮೇಲೆ ಹನಿ ಹಾಗೇ ಕೂತಿರುತ್ತದೆ. ಇನ್ನೊಂದು ಹೊಗೆ. ಮಿಸ್ಸಿನ ಜೊತೆ ಕಣ್ಣುರಿಸುವ ಬಿಳಿ ಹೊಗೆ ಬಂದರೆ ಎಣ್ಣೆ ಒಳಗೆ ಹೋಗಿದೆ, ಉರಿದಿಲ್ಲ. ಅಂದರೆ ನೋಜಲ್ಲು ಸಿಂಪಡಿಸುವ ಬದಲು ಹನಿಸುತ್ತಿರಬಹುದು, ಇಲ್ಲವೇ ವಾಲ್ವು ಸುಟ್ಟು ಒತ್ತಡ ಕಡಿಮೆಯಾಗಿರಬಹುದು. ಹೊಗೆಯೇ ಇಲ್ಲದ ಮಿಸ್ಸಾದರೆ ಎಣ್ಣೆಯೇ ತಲುಪಿಲ್ಲ. ಕಪ್ಪು ಹೊಗೆಗೆ ಎಣ್ಣೆ ಹೆಚ್ಚು ಅಥವಾ ಗಾಳಿ ಕಡಿಮೆ, ನೀಲಿ ಹೊಗೆಗೆ ಆಯಿಲ್ ಉರಿಯುತ್ತಿದೆ. ರೇಡಿಯೇಟರಿನಲ್ಲಿ ಗುಳ್ಳೆ ಎದ್ದರೆ ಹೆಡ್ ಗ್ಯಾಸ್ಕೆಟ್ಟಿನ ಮೇಲೆ ಅನುಮಾನ.

ಆದರೆ ಒಳ್ಳೆಯ ಮೇಸ್ತ್ರಿ ಪಾನಾ ಕೈಗೆತ್ತಿಕೊಳ್ಳುವ ಮೊದಲು ಮಾತಾಡಿಸುತ್ತಾನೆ. ನನ್ನಂಥ ಚರಿತ್ರೆಯ ವಿದ್ಯಾರ್ಥಿಗೆ ಆಸಕ್ತಿ ಹುಟ್ಟುವುದು ಇಲ್ಲಿ. 'ಒಮ್ಮಿಂದೊಮ್ಮೆಲೆ' ಎಂಬುದು ಡ್ರೈವರನ ಹೇಳಿಕೆ, ಎಂಜಿನ್ನಿನದಲ್ಲ. ಮೇಸ್ತ್ರಿ ಅದನ್ನು ನಂಬುವುದೂ ಇಲ್ಲ, ತಳ್ಳಿಹಾಕುವುದೂ ಇಲ್ಲ. ಜಮಖಂಡಿಯ ಗ್ಯಾರೇಜೊಂದರ ಮುಂದೆ ನಾನು ಕೂತಿದ್ದಾಗ ಕೇಳಿದ ಸಂಭಾಷಣೆ ಹೀಗಿತ್ತು. "ಯಾವಾಗಿಂದ?" "ಈಗರೀ, ಈಗ ಕಾಲು ತಾಸಾತು." "ಮುಂಜಾನಿ ಚಾಲೂ ಮಾಡೂ ಮುಂದ ಬಿಳಿ ಹೊಗಿ ಬರ್ತಿತ್ತೇನ?" ಡ್ರೈವರ್ ಸ್ವಲ್ಪ ತಡೆದು, "ಅದು ದೀಪಾವಳಿಯಿಂದ ಬರತೈತ್ರಿ." "ನಿನ್ನೆ ಯಾರರ ಕೈ ಹಾಕಿದ್ರೇನ?" "ಫಿಲ್ಟರ್ ಅಷ್ಟ ಹಾಕ್ಸೇನ್ರಿ." "ಡೀಸೆಲ್ ಪಂಪಿಂದೋ, ಕ್ಯಾನಿಂದೋ?"

ಈ ನಾಲ್ಕು ಪ್ರಶ್ನೆಗಳಲ್ಲಿ ಒಂದೊಂದಕ್ಕೂ ಕಾರಣವಿದೆ. ದಿನದಿನವೂ ಸವೆಯುವ ಭಾಗಗಳು ಬೇರೆ: ವಾಲ್ವು, ರಿಂಗು, ನೋಜಲ್ಲು. ತಟ್ಟನೆ ಕೈಕೊಡುವ ಭಾಗಗಳು ಬೇರೆ: ಸೀಳಿದ ಕೊಳವೆ, ಸಿಕ್ಕಿಕೊಂಡ ನೋಜಲ್ಲಿನ ಸೂಜಿ, ಸಡಿಲಾದ ನಟ್ಟು, ಒಳಹೊಕ್ಕ ಗಾಳಿ. ಬಹಳ ಸಲ 'ತಟ್ಟನೆ' ಎಂಬುದು ಹಲವು ತಿಂಗಳ ಸವೆತದ ಕೊನೆಯ ದಿನವಷ್ಟೆ. ಫಿಲ್ಟರ್ ಹಾಕಿಸಿದ್ದರೆ ಅಲ್ಲಿ ವಾಷರ್ ಸರಿಯಾಗಿ ಕೂರದೆ ಗಾಳಿ ಎಳೆಯುತ್ತಿರಬಹುದು. ಪಂಪ್‌ಸೆಟ್ಟಿಗೆಂದು ಇಟ್ಟ ಕ್ಯಾನಿನ ಡೀಸೆಲ್ಲಾದರೆ ತಳದಲ್ಲಿ ನೀರೂ ಕೆಸರೂ ಇರುತ್ತವೆ. ಈ ಪ್ರಕರಣದಲ್ಲಿ ಮಿಸ್ಸು ಅಡ್ಡಾದಿಡ್ಡಿಯಾಗಿತ್ತು, ಒಂದೇ ಸಿಲಿಂಡರಿನದಾಗಿರಲಿಲ್ಲ. ಆದ್ದರಿಂದ ಮೇಸ್ತ್ರಿ ದೀಪಾವಳಿಯ ಹೊಗೆಯನ್ನು ಪಕ್ಕಕ್ಕಿಟ್ಟ. ಅದು ಬೇರೆ ರೋಗ, ಇವತ್ತಿನದಲ್ಲ. ಫಿಲ್ಟರಿನ ಮೇಲಿನ ಸ್ಕ್ರೂ ಸಡಿಲಿಸಿ ಕೈಪಂಪು ಒತ್ತಿದ. ನೊರೆ ಬಂತು, ಬರುತ್ತಲೇ ಇತ್ತು. ಗಾಳಿ. ವಾಷರ್ ಬದಲಿಸಿ, ಗಾಳಿ ತೆಗೆದು ಚಾಲೂ ಮಾಡಿದಾಗ ತಾಳ ಕೂಡಿತು. "ನೋಜಲ್ ಒಂದ್ ಸಲ ತೋರ್ಸು, ಅದು ಇನ್ನೊಂದು ಹಂಗಾಮ ನಡಿಯಂಗಿಲ್ಲ" ಎಂದು ಕಳಿಸಿದ.

ಹಳೆಯ ಕಾರಣವನ್ನೂ ಹೊಸ ಕಾರಣವನ್ನೂ ಬೇರ್ಪಡಿಸುವ ಈ ಕೆಲಸವನ್ನು ನಾವು ವಿಶ್ವವಿದ್ಯಾಲಯದಲ್ಲಿ ಆಕರ ವಿಮರ್ಶೆ ಎಂದು ದೊಡ್ಡ ಹೆಸರಿಟ್ಟು ಕಲಿಯುತ್ತೇವೆ. ಇಟಲಿಯ ಇತಿಹಾಸಕಾರ ಕಾರ್ಲೊ ಗಿನ್ಸ್‌ಬರ್ಗ್ 1979ರ ತನ್ನ ಪ್ರಬಂಧವೊಂದರಲ್ಲಿ ಬೇಟೆಗಾರ, ವೈದ್ಯ, ಪತ್ತೇದಾರ, ಚಿತ್ರಗಳ ಅಸಲಿತನ ಗುರುತಿಸುವವ ಇವರೆಲ್ಲರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿದ. ಕಾಣದ ಕಾರಣವನ್ನು ಕಂಡ ಸಣ್ಣ ಸುಳಿವಿನಿಂದ ಊಹಿಸುವ ಒಂದು ಹಳೆಯ ಜ್ಞಾನಪರಂಪರೆ ಅದು, ಚರಿತ್ರೆಕಾರನೂ ಅದೇ ವಂಶದವನು ಎಂಬುದು ಅವನ ವಾದ. ಆ ಸಾಲಿನಲ್ಲಿ ಮೆಕ್ಯಾನಿಕ್ಕನಿಗೂ ಒಂದು ಜಾಗ ಸಿಗಬೇಕು. ಡೇವಿಡ್ ಎಡ್ಜರ್ಟನ್ 2006ರಲ್ಲಿ ಬರೆದ ಪುಸ್ತಕದಲ್ಲಿ ತಂತ್ರಜ್ಞಾನದ ಚರಿತ್ರೆ ಎಂದರೆ ಹೊಸ ಶೋಧಗಳ ಪಟ್ಟಿಯಲ್ಲ, ಹಳೆಯದನ್ನು ಬಳಸುವ, ರಿಪೇರಿ ಮಾಡುವ ಚರಿತ್ರೆಯೂ ಹೌದು ಎಂದ. ನಮ್ಮಲ್ಲಿ ಕಾರ್ಖಾನೆ ಕಟ್ಟಿದವರ ಜೀವನಚರಿತ್ರೆಗಳಿವೆ, ಎಂಜಿನ್ ನಡೆಸಿಕೊಂಡು ಬಂದವರದ್ದಿಲ್ಲ.

ಇಲ್ಲದಿರುವುದಕ್ಕೆ ಒಂದು ಕಾರಣ ಈ ವಿದ್ಯೆ ಬರಹಕ್ಕೆ ಇಳಿಯದಿದ್ದುದು. ಹತ್ತು-ಹನ್ನೆರಡು ವಯಸ್ಸಿಗೆ ಶಾಲೆ ಬಿಟ್ಟು ಗ್ಯಾರೇಜು ಸೇರಿದ ಹುಡುಗ ಮೊದಲು ಪಾನಾ ಎತ್ತಿಕೊಡುತ್ತಾನೆ, ಚಹಾ ತರುತ್ತಾನೆ, ಸೀಮೆಎಣ್ಣೆಯಲ್ಲಿ ನಟ್ಟು ತೊಳೆಯುತ್ತಾನೆ. ಉಸ್ತಾದ "ಕೇಳು" ಎನ್ನುತ್ತಾನೆಯೇ ಹೊರತು ಏನನ್ನು ಕೇಳಬೇಕು ಎಂದು ವಿವರಿಸುವುದಿಲ್ಲ. ಈ ಪದ್ಧತಿಯನ್ನು ಗುರುಶಿಷ್ಯ ಪರಂಪರೆ ಎಂದು ಹೊಗಳಲು ನನಗೆ ಮನಸ್ಸಿಲ್ಲ. ಅದರಲ್ಲಿ ಬಾಲದುಡಿಮೆ ಇತ್ತು, ಬೈಗುಳವಿತ್ತು, ಸಂಬಳವಿಲ್ಲದ ವರ್ಷಗಳಿದ್ದವು, ಹುಡುಗಿಯರಿಗೆ ಪ್ರವೇಶವೇ ಇರಲಿಲ್ಲ. ಆದರೂ ಕನ್ನಡ, ಮರಾಠಿ, ದಖನಿ ಉರ್ದು, ಇಂಗ್ಲಿಷ್ ನಾಲ್ಕೂ ಕಲೆತ ಒಂದು ಕಸುಬಿನ ಭಾಷೆ ಅಲ್ಲಿ ಬೆಳೆಯಿತು. ಪಾನಾ, ಪಕ್ಕಡ, ಉಸ್ತಾದ, ನೋಜಲ್ಲು, 'ಗಾಳಿ ಹಿಡದೈತಿ', 'ದಮ್ಮಿಲ್ಲ' ಎಲ್ಲವೂ ಒಂದೇ ವಾಕ್ಯದಲ್ಲಿ ಬರುತ್ತವೆ. ಎಂಜಿನ್ನಿನ ಒತ್ತಡ ಕಡಿಮೆಯಾಗಿದೆ ಎಂಬುದಕ್ಕೆ 'ದಮ್ಮಿಲ್ಲ' ಎನ್ನುವುದಕ್ಕಿಂತ ಚೆನ್ನಾದ ಪಾರಿಭಾಷಿಕ ಪದವನ್ನು ಯಾವ ಸಮಿತಿಯೂ ಕೊಡಲಾರದು.

ಈ ವಿದ್ಯೆಗೆ ಕುತ್ತು ಬಂದದ್ದು ಕಾಮನ್ ರೈಲ್ ಎಂಜಿನ್ನಿನಿಂದ. ಹಳೆಯ ಇಂಜೆಕ್ಟರು ತೆರೆಯುತ್ತಿದ್ದುದು ಸುಮಾರು 100ರಿಂದ 200 ಬಾರ್ ಒತ್ತಡಕ್ಕೆ. ಹೊಸ ಎಂಜಿನ್ನಿನ ಕೊಳವೆಯಲ್ಲಿ ಒತ್ತಡ 1000 ಬಾರ್ ದಾಟುತ್ತದೆ. ಚಾಲೂ ಇರುವಾಗ ಅಲ್ಲಿ ನಟ್ಟು ಸಡಿಲಿಸಿದರೆ ಕಣ್ಣಿಗೆ ಕಾಣದಷ್ಟು ಸಣ್ಣ ಎಣ್ಣೆಯ ಎಳೆ ಚರ್ಮ ಸೀಳಿ ಒಳಹೊಗುತ್ತದೆ, ಬೆರಳು ಕತ್ತರಿಸಬೇಕಾಗಿ ಬರಬಹುದು. ಹಳೆಯ ಕೊಳವೆಯೂ ನಿರಪಾಯವೇನಲ್ಲ, ಅಲ್ಲೂ ಬೆರಳು ಅಡ್ಡ ಇಡಬಾರದೆಂದು ಹುಡುಗರಿಗೆ ಮೊದಲೇ ಹೇಳುತ್ತಿದ್ದರು. ಆದರೆ 40 ವರ್ಷ ಕೈ ಕಲಿತಿದ್ದ ಆ ಚಲನೆಯೇ ಈಗ ಮಾಡಬಾರದ ಕೆಲಸವಾಯಿತು. 2020ರ ಏಪ್ರಿಲ್ ಒಂದರಿಂದ ದೇಶದಲ್ಲೆಲ್ಲ ಬಿಎಸ್-6 ಕಡ್ಡಾಯವಾದ ಮೇಲೆ ಹೊಸ ಪಿಕಪ್ಪಿನ ಮಿಸ್ಸನ್ನು ಮೊದಲು ಕೇಳುವುದು ಕಿವಿಯಲ್ಲ, ಸೆನ್ಸಾರು. ಸ್ಕ್ಯಾನರ್ ಚುಚ್ಚಿದರೆ ಎಷ್ಟನೇ ಸಿಲಿಂಡರ್ ಎಂದು ಅಂಕಿಯೇ ಹೇಳುತ್ತದೆ. ಹೊಗೆ ಕಡಿಮೆಯಾದದ್ದು ಒಳ್ಳೆಯದೇ, ಅದರ ಬಗ್ಗೆ ತಕರಾರಿಲ್ಲ. ಆದರೆ ಅಂಕಿ ಹೇಳುವುದು ಯಾವ ಸಿಲಿಂಡರ್ ಎಂದು, ಏಕೆ ಎಂದಲ್ಲ. ವಾಷರೋ, ವೈರನ್ನು ಇಲಿ ಕಡಿದದ್ದೋ, ಕ್ಯಾನಿನ ಡೀಸೆಲ್ಲೋ ಎಂದು ಕೇಳುವವರು ಬೇಕೇ ಬೇಕು. ಸ್ಕ್ಯಾನರ್ ಕೊಂಡವರಲ್ಲಿ ಹಳೆಯ ಪಾಠ ಕಲಿತವರು ಅಂಕಿ ಓದಿದ ಮೇಲೂ ಡ್ರೈವರನನ್ನು ಮಾತಾಡಿಸುತ್ತಾರೆ. ಉಳಿದವರು ಇಂಜೆಕ್ಟರ್ ಬದಲಿಸಿ ಬಿಲ್ಲು ಕೊಡುತ್ತಾರೆ.

ಹಳೆಯ ಗಾಡಿಗಳು ಇನ್ನೂ ಇವೆ. ಬೀಳಗಿಯಿಂದ ತರಕಾರಿ, ಮುಧೋಳದ ಸಂತೆಗೆ ಆಡು, ಬನಹಟ್ಟಿಗೆ ನೂಲು ಹೊತ್ತು ಓಡುತ್ತಿವೆ. ಅವುಗಳಿಗಾಗಿ ಪಂಪು-ನೋಜಲ್ಲಿನ ಅಂಗಡಿಗಳೂ ಉಳಿದಿವೆ. ಅಲ್ಲಿ ಮೇಜಿಗೆ ಬಿಗಿದ ಒಂದು ಕೈಪಂಪಿರುತ್ತದೆ. ಬಿಚ್ಚಿ ತಂದ ನೋಜಲ್ಲನ್ನು ಅದಕ್ಕೆ ಸಿಕ್ಕಿಸಿ ಹಿಡಿಯನ್ನು ನಿಧಾನ ಒತ್ತಿದರೆ ಗೇಜಿನ ಮುಳ್ಳು ಏರುತ್ತದೆ, ಎಣ್ಣೆ ಮಂಜಿನಂತೆ ಚಿಮ್ಮುತ್ತದೆ. ಮೇಸ್ತ್ರಿ ಗೇಜನ್ನೂ ನೋಡುತ್ತಾನೆ, ಮಂಜನ್ನೂ ನೋಡುತ್ತಾನೆ. ಆದರೆ ತೀರ್ಮಾನ ಹೇಳುವ ಮೊದಲು ತಲೆ ವಾಲಿಸಿ ಕೇಳುತ್ತಾನೆ. ಒಳ್ಳೆಯ ನೋಜಲ್ಲು ಕರ್ರ್ ಕರ್ರ್ ಎಂದು ಸಣ್ಣಗೆ ಕೂಗುತ್ತದೆ, ಕೆಟ್ಟದ್ದು ಸುಮ್ಮನೆ ಹನಿಸುತ್ತದೆ.